ಎರಡನೆಯ ಜಾಗ ಯಾರದು?

ಮೊದಲನೆಯ ಜಾಗಕ್ಕೆ ಜಗಳ ಹುಟ್ಟುವುದಿಲ್ಲ. ಅನಿಲ್ ಕುಂಬ್ಳೆ ಆಡುತ್ತಿದ್ದ ಕಾಲದಲ್ಲಿ, ನಮ್ಮ ನೆಲದ ಟೆಸ್ಟಿಗೆ ಅವರು ಬೇಕೋ ಬೇಡವೋ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ದನಿ ಏರುತ್ತಿದ್ದದ್ದು ಇನ್ನೊಂದು ತುದಿಯಿಂದ ಬೌಲ್ ಮಾಡುವವನು ಯಾರು ಎಂಬ ಪ್ರಶ್ನೆಗೆ. ವೆಂಕಟಪತಿ ರಾಜು, ರಾಜೇಶ್ ಚೌಹಾಣ್, ಸುನಿಲ್ ಜೋಶಿ, ಹರಭಜನ್ ಸಿಂಗ್, ಮುರಳಿ ಕಾರ್ತಿಕ್ ಎಂದು ಹೆಸರುಗಳು ಬದಲಾದವು, ಜಗಳ ಅದೇ ಉಳಿಯಿತು.

ಬೆಳಗಾವಿಯ ನೆಹರು ನಗರದಲ್ಲಿ, ಕೆಎಲ್‌ಇ ಆಸ್ಪತ್ರೆಯ ಸುತ್ತಲಿನ ಚಹಾದಂಗಡಿಗಳಲ್ಲಿ ಈ ಜಗಳಕ್ಕೆ ಒಂದು ಬೇರೆಯೇ ರುಚಿ ಇದೆ. ಪೇಷಂಟ್ ಕಡೆಯವರು, ಮೆಡಿಕಲ್ ಹುಡುಗರು, ಆಟೋದವರು, ಎಲ್ಲರೂ ನಿಂತೇ ಚಹಾ ಕುಡಿಯುವ ಜಾಗ. ಖಾನಾಪುರದವನು ಮರಾಠಿಯಲ್ಲಿ ಶುರು ಮಾಡಿದ ವಾದವನ್ನು ಗೋಕಾಕದವನು ಕನ್ನಡದಲ್ಲಿ ಮುಗಿಸುತ್ತಾನೆ. “ಏ, ಅಂವಾ ಬ್ಯಾಟಿಂಗೂ ಮಾಡ್ತಾನ್ರಿ, ಅಂವನ್ನ ಯಾಕ ಬಿಟ್ರು?” “ಬ್ಯಾಟಿಂಗ್ ತಗೊಂಡ ಏನ್ ಮಾಡೋದೈತಿ? ವಿಕೆಟ್ ಬೇಕಪಾ, ವಿಕೆಟ್!” ಇದನ್ನು ಹೊತ್ತು ಕಳೆಯುವ ಹರಟೆ ಎಂದು ತಳ್ಳಿಹಾಕುವವರಿದ್ದಾರೆ. ಯಾರಿಗೆ ಏನು ಸಲ್ಲಬೇಕು, ಯಾವ ಕಾರಣಕ್ಕೆ ಸಲ್ಲಬೇಕು ಎಂಬ ಹಳೆಯ ಪ್ರಶ್ನೆಯನ್ನು ನಮ್ಮ ಜನ ಇಷ್ಟು ಬಿಸಿಯಾಗಿ ಚರ್ಚಿಸುವ ಜಾಗ ಬೇರೆ ಯಾವುದಿದೆ ಎಂದು ನಾನು ಕೇಳುತ್ತೇನೆ.

ಈ ವಾದಗಳನ್ನು ಕಿವಿಗೊಟ್ಟು ಕೇಳಿದರೆ ಮೂರು ಬಗೆಯ ಹಕ್ಕು ಕಾಣುತ್ತದೆ. ಒಬ್ಬ ‘ಇವನೇ ಹೆಚ್ಚು ಸಮರ್ಥ’ ಎನ್ನುತ್ತಾನೆ. ಇನ್ನೊಬ್ಬ ‘ಇವನು ಇಷ್ಟು ವರ್ಷ ದುಡಿದಿದ್ದಾನೆ, ಗಳಿಸಿಕೊಂಡಿದ್ದಾನೆ’ ಎನ್ನುತ್ತಾನೆ. ಮತ್ತೊಬ್ಬ ‘ನಮ್ಮ ಕಡೆಯವರಿಗೆ ಸಿಗುವುದೇ ಇಲ್ಲ, ಈ ಸಲವಾದರೂ ಸಿಗಲಿ’ ಎನ್ನುತ್ತಾನೆ. ಅಮರ್ತ್ಯ ಸೇನ್ 2009ರಲ್ಲಿ ಬಂದ ‘ದಿ ಐಡಿಯಾ ಆಫ್ ಜಸ್ಟಿಸ್’ ಪುಸ್ತಕದಲ್ಲಿ ಮೂರು ಮಕ್ಕಳು ಒಂದು ಕೊಳಲಿಗಾಗಿ ಜಗಳವಾಡುವ ಪ್ರಸಂಗ ಕಟ್ಟಿದ್ದಾರೆ. ಒಬ್ಬಳಿಗೆ ನುಡಿಸಲು ಬರುತ್ತದೆ, ಒಬ್ಬಳು ಅದನ್ನು ಮಾಡಿದವಳು, ಇನ್ನೊಬ್ಬ ಆಟಿಕೆಯೇ ಇಲ್ಲದ ಬಡವ. ಮೂವರ ವಾದದಲ್ಲೂ ತಿರುಳಿದೆ, ಒಂದು ಇನ್ನೊಂದನ್ನು ಸುಲಭವಾಗಿ ಅಲ್ಲಗಳೆಯಲಾರದು ಎಂಬುದು ಅವರ ಮಾತು. ಚಹಾದಂಗಡಿಯವರು ಸೇನ್ ಅವರನ್ನು ಓದದೆಯೇ ಅಲ್ಲಿಗೆ ತಲುಪಿದ್ದಾರೆ.

ಆದರೆ ಒಂದು ವ್ಯತ್ಯಾಸವಿದೆ, ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆ. ಕೊಳಲು ಜಗಳಕ್ಕೆ ಮುಂಚೆಯೇ ಇದೆ. ಯಾರ ಕೈಗೆ ಹೋದರೂ ಅದು ಅದೇ ಕೊಳಲು. ತಂಡದ ಎರಡನೆಯ ಜಾಗ ಹಾಗೆ ಮೊದಲೇ ಸಿದ್ಧವಾಗಿ ಕುಳಿತಿರುವ ವಸ್ತುವಲ್ಲ. ಮೊದಲನೆಯವನು ಯಾರು ಎಂಬುದು ಅದರ ಆಕಾರವನ್ನು ತೀರ್ಮಾನಿಸುತ್ತದೆ. ಕುಂಬ್ಳೆ ಚೆಂಡನ್ನು ವೇಗವಾಗಿ, ನೇರವಾಗಿ ಹಾಕುವ ಲೆಗ್ ಸ್ಪಿನ್ನರ್. ಆದ್ದರಿಂದ ಇನ್ನೊಂದು ತುದಿಯಲ್ಲಿ ಅವರಷ್ಟೇ ಒಳ್ಳೆಯ ಇನ್ನೊಬ್ಬ ಕುಂಬ್ಳೆ ಬೇಡ, ಬ್ಯಾಟುಗಾರನಿಗೆ ಬೇರೆಯೇ ತೊಂದರೆ ಕೊಡುವವನು ಬೇಕು. ಅಮೆರಿಕದವರ ಫುಟ್‌ಬಾಲಿನಲ್ಲೂ ಎರಡನೆಯ ರಿಸೀವರ್, ಅಂದರೆ ಎಸೆದ ಚೆಂಡನ್ನು ಹಿಡಿಯುವವನು, ಯಾರಾಗಬೇಕೆಂದು ಅಭಿಮಾನಿಗಳು ಕಚ್ಚಾಡುತ್ತಾರೆ. ಅಲ್ಲಿಯೂ ಎದುರಾಳಿಗಳು ಮೊದಲ ರಿಸೀವರ್‌ನ ಸುತ್ತ ಮುತ್ತಿಕೊಂಡಷ್ಟೂ ಎರಡನೆಯವನಿಗೆ ಬಯಲು ಸಿಗುತ್ತದೆ. ಅವನ ಬೆಲೆ ಅರ್ಧ ಅವನದು, ಅರ್ಧ ಪಕ್ಕದವನದು.

ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಬೆಳಗಾವಿಯ ಮಗ್ಗುಲಲ್ಲೇ ಇದೆ. ಸಂಗೀತ ಗೊತ್ತಿರುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಯಕನಿಗೆ ತಬಲಾ ಸಾಥಿ ಗೊತ್ತುಮಾಡುವಾಗ ಜಿಲ್ಲೆಯಲ್ಲಿ ಎರಡನೆಯ ದೊಡ್ಡ ಸಂಗೀತಗಾರ ಯಾರೆಂದು ಯಾರೂ ಹುಡುಕುವುದಿಲ್ಲ. ಈ ದನಿಗೆ, ಈ ಲಯಕ್ಕೆ ಯಾರು ಹೊಂದುತ್ತಾರೆ ಎಂದು ನೋಡುತ್ತಾರೆ. ಸೋಲೋದಲ್ಲಿ ಸಭೆಯನ್ನೇ ಗೆಲ್ಲುವ ತಬಲಾಪಟು ಸಾಥಿಗೆ ಕುಳಿತಾಗ ಗಾಯನವನ್ನೇ ಕೆಡಿಸಬಹುದು.

ಒಳ್ಳೆಯವರನ್ನೆಲ್ಲ ಒಟ್ಟಿಗೆ ಆಡಿಸಿದರೆ ಏನಾಗುತ್ತದೆ? ಅದಕ್ಕೂ ಒಂದು ಉದಾಹರಣೆ ಇದೆ, ಒಂದೇ ಒಂದು. ಪ್ರಸನ್ನ, ಚಂದ್ರಶೇಖರ್, ಬೇಡಿ, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದ್ದು 1967ರ ಜುಲೈಯಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್‌ನಲ್ಲಿ ಮಾತ್ರ. ಸ್ಪಿನ್ನರುಗಳು ಜಾಗವನ್ನೆಲ್ಲ ತುಂಬಿದ್ದರಿಂದ ಹೊಸ ಚೆಂಡು ಹಾಕುವವರೇ ಇರಲಿಲ್ಲ. ಬೌಲಿಂಗ್ ಆರಂಭಿಸಿದವರಲ್ಲಿ ಒಬ್ಬರು ಮೈಸೂರು ತಂಡದ ವಿ. ಸುಬ್ರಹ್ಮಣ್ಯ, ಇನ್ನೊಬ್ಬರು ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್. ಕುಂದರನ್ ಹೆಸರು ಮಾಡಿದ್ದು ವಿಕೆಟ್ ಕೀಪರ್ ಆಗಿ! ಭಾರತ 132 ರನ್ನುಗಳಿಂದ ಸೋತಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಅದಿರಲಿ. ಆದರೆ ಜಗತ್ತಿನಲ್ಲೇ ಅಪರೂಪದ ನಾಲ್ವರು ಸ್ಪಿನ್ನರುಗಳನ್ನು ಕಟ್ಟಿಕೊಂಡ ತಂಡ ಹೊಸ ಚೆಂಡನ್ನು ಕೀಪರ್ ಕೈಗೆ ಕೊಟ್ಟ ಆ ಬೆಳಗನ್ನು ಪ್ರತಿಭೆಯ ಮೊತ್ತವೇ ತಂಡ ಎನ್ನುವವರು ಮರೆಯಬಾರದು.

ಹಾಗಾದರೆ ಹೊಂದಾಣಿಕೆಯೇ ಎಲ್ಲವೂ, ಹೊರಗುಳಿದವನಿಗೆ ದೂರಲು ಏನೂ ಇಲ್ಲವೇ? ಆಯ್ಕೆದಾರರಿಗೆ ಈ ತೀರ್ಮಾನ ಇಷ್ಟವಾಗಬಹುದು. ನನಗೆ ಒಪ್ಪಿಗೆಯಿಲ್ಲ.

ಪ್ರಸನ್ನ ಅವರ ಕತೆಯನ್ನು ನೋಡಿ. 1962ರಲ್ಲಿ ಟೆಸ್ಟ್ ಆಡಿ, ವೆಸ್ಟ್ ಇಂಡೀಸಿಗೂ ಹೋಗಿಬಂದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಲು ಕುಳಿತರು. ಮತ್ತೆ ಟೆಸ್ಟಿಗೆ ಮರಳಿದ್ದು 1967ರಲ್ಲಿ. ನಡುವೆ, 1965ರಲ್ಲಿ, ಮದ್ರಾಸಿನ ವೆಂಕಟರಾಘವನ್ ಬಂದು ದೆಹಲಿಯಲ್ಲಿ ನ್ಯೂಜಿಲೆಂಡಿನ 12 ವಿಕೆಟ್ ಕಿತ್ತಿದ್ದರು. ಅಲ್ಲಿಂದ ಒಂದೇ ಆಫ್ ಸ್ಪಿನ್ನರ್ ಜಾಗಕ್ಕೆ ಇಬ್ಬರು. ಬೆಂಗಳೂರು ಒಂದು ಕಡೆ, ಮದ್ರಾಸು ಒಂದು ಕಡೆ. ಗಾಳಿಯಲ್ಲಿ ಚೆಂಡು ತೇಲಿಸಿ ಬ್ಯಾಟುಗಾರನನ್ನು ಮರುಳು ಮಾಡುವುದರಲ್ಲಿ ಪ್ರಸನ್ನರಿಗೆ ಸಾಟಿಯಿರಲಿಲ್ಲ. ವೆಂಕಟ್ ಬಿಗಿ ಬೌಲರ್, ಬ್ಯಾಟೂ ಬೀಸಬಲ್ಲರು, ಬ್ಯಾಟಿನ ಹತ್ತಿರ ನಿಂತು ಕ್ಯಾಚ್ ಹಿಡಿಯುವುದರಲ್ಲಿ ನುರಿತವರು. 1971ರ ಇಂಗ್ಲೆಂಡ್ ಪ್ರವಾಸದ ಮೂರು ಟೆಸ್ಟುಗಳಲ್ಲೂ ನಾಯಕ ವಾಡೇಕರ್ ವೆಂಕಟ್‌ರನ್ನೇ ಆಡಿಸಿದರು. ಓವಲ್‌ನಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ತೆಗೆದರು, ವೆಂಕಟ್ ಎಸೆತದಲ್ಲಿ ಸೋಲ್ಕರ್ ಮುಂದಕ್ಕೆ ಹಾರಿ ಅಲನ್ ನಾಟ್ ಕ್ಯಾಚ್ ಹಿಡಿದರು, ಭಾರತ ಸರಣಿ ಗೆದ್ದಿತು. ಪ್ರಸನ್ನ ಆ ಸರಣಿಯಲ್ಲಿ ಒಂದು ಓವರೂ ಹಾಕಲಿಲ್ಲ.

ಗೆದ್ದದ್ದರಿಂದ ಆಯ್ಕೆ ಸರಿಯಾಯಿತೇ? ಆಯ್ಕೆ ಮಾಡಿದ ಹೊತ್ತಿಗೆ ಕೈಯಲ್ಲಿದ್ದ ಕಾರಣಗಳನ್ನು ತೂಗಬೇಕೇ ಹೊರತು ಆಮೇಲೆ ಬಂದ ಫಲವನ್ನಲ್ಲ. ಪ್ರಸನ್ನ ಆಡಿದ್ದರೂ ಗೆಲ್ಲುತ್ತಿದ್ದೆವೋ, ಇನ್ನೂ ಸಲೀಸಾಗಿ ಗೆಲ್ಲುತ್ತಿದ್ದೆವೋ, ಸೋಲುತ್ತಿದ್ದೆವೋ, ಯಾವ ಸ್ಕೋರ್ ಪಟ್ಟಿಯೂ ಹೇಳುವುದಿಲ್ಲ. ಆಡಿದವನ ಲೆಕ್ಕದಲ್ಲಿ ವಿಕೆಟ್ಟೂ ಇರುತ್ತದೆ, ಹೊಡೆಸಿಕೊಂಡ ಸಿಕ್ಸರೂ ಇರುತ್ತದೆ. ಆಡದವನ ಲೆಕ್ಕ ಖಾಲಿ. ಅಭಿಮಾನಿ ಆ ಖಾಲಿಯನ್ನು ತನ್ನ ಕಲ್ಪನೆಯಿಂದ ತುಂಬುತ್ತಾನೆ, ಆಯ್ಕೆದಾರ ಅನುಮಾನದಿಂದ ತುಂಬುತ್ತಾನೆ. ಎರಡನೆಯ ಜಾಗಕ್ಕೆ ಯಾರು ಹೊಂದುತ್ತಾರೆ ಎಂಬುದು ಆ ಜಾಗದಲ್ಲಿ ಆಡಿದ ಮೇಲಷ್ಟೇ ತಿಳಿಯುತ್ತದೆ, ಆಡಲು ಮಾತ್ರ ಮೊದಲೇ ಹೊಂದುತ್ತಾನೆಂದು ತೋರಿಸಬೇಕು. ಹೊರಗುಳಿದವನಿಗೆ ಆಗುವ ಅನ್ಯಾಯ ಇದು. ಜಾಗ ತಪ್ಪಿದ್ದಕ್ಕಿಂತ ದೊಡ್ಡದು, ಸಾಬೀತುಪಡಿಸುವ ದಾರಿಯೇ ಮುಚ್ಚಿದ್ದು.

ಆ ದಾರಿ ಎಷ್ಟು ಸಲ ಬರೀ ಅದೃಷ್ಟದಿಂದ ತೆರೆಯುತ್ತದೆ ಎಂಬುದಕ್ಕೆ ಕುಂಬ್ಳೆಯವರೇ ಸಾಕ್ಷಿ. 2003ರ ಡಿಸೆಂಬರಿನಲ್ಲಿ ಬ್ರಿಸ್ಬೇನ್ ಟೆಸ್ಟಿಗೆ ಏಕೈಕ ಸ್ಪಿನ್ನರ್ ಆಗಿ ಹರಭಜನ್ ಆಡಿದರು, ಕುಂಬ್ಳೆ ಹೊರಗೆ. ಹರಭಜನ್ ಬೆರಳಿಗೆ ಪೆಟ್ಟಾಗಿ ಕುಂಬ್ಳೆ ಒಳಗೆ ಬಂದರು. ಅಡಿಲೇಡ್ ಗೆದ್ದೆವು, ಸಿಡ್ನಿಯ ಒಂದೇ ಇನ್ನಿಂಗ್ಸಿನಲ್ಲಿ ಅವರಿಗೆ 8 ವಿಕೆಟ್, ಮೂರು ಟೆಸ್ಟುಗಳಲ್ಲಿ ಒಟ್ಟು 24. 619 ವಿಕೆಟ್ಟಿನ ಲೆಕ್ಕದಲ್ಲಿ ಆ 24 ಸೇರಿಕೊಂಡದ್ದು ಇನ್ನೊಬ್ಬರ ಬೆರಳಿನ ನೋವಿನಿಂದ. ಅದಕ್ಕೆ ಮುಂಚೆ, 2001ರಲ್ಲಿ, ಕುಂಬ್ಳೆಯವರ ಭುಜಕ್ಕೆ ಪೆಟ್ಟಾದಾಗ ಹರಭಜನ್ ಆಸ್ಟ್ರೇಲಿಯಾ ವಿರುದ್ಧ 32 ವಿಕೆಟ್ ತೆಗೆದು ಎದ್ದುನಿಂತಿದ್ದರು.

ಆ 2001ರ ಸರಣಿಯ ಹೆಸರೆತ್ತಿದರೆ ಗದಗ, ಹುಬ್ಬಳ್ಳಿ ಕಡೆಯವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಅದಕ್ಕೆ ಕೆಲವೇ ತಿಂಗಳ ಮುಂಚೆ, 2000ದ ನವೆಂಬರಿನಲ್ಲಿ, ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟಿನಲ್ಲಿ ಸುನಿಲ್ ಜೋಶಿ ಒಂದೇ ಇನ್ನಿಂಗ್ಸಿನಲ್ಲಿ 5 ವಿಕೆಟ್ ತೆಗೆದು 92 ರನ್ ಹೊಡೆದಿದ್ದರು. ಗದಗಿನಿಂದ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದ ಹುಡುಗ. ರಣಜಿಯ ಒಂದೇ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿಗೆ ಕೊಟ್ಟದ್ದು 6 ರನ್, ಕಿತ್ತದ್ದು 5 ವಿಕೆಟ್. ಅವರ ಟೆಸ್ಟ್ ಬದುಕು 15 ಪಂದ್ಯಗಳಿಗೆ ಮುಗಿಯಿತು. ಹರಭಜನ್ ಆಯ್ಕೆ ತಪ್ಪೆಂದು ನಾನು ಹೇಳಲಾರೆ, 32 ವಿಕೆಟ್ಟಿನ ಎದುರು ಯಾರು ಹೇಳಿಯಾರು? ಆದರೆ ಜೋಶಿ ಸಾಲದಾದರು ಎಂಬುದಕ್ಕೂ ಆ 32 ಪುರಾವೆಯಲ್ಲ.

ಇಲ್ಲಿ ‘ನಮ್ಮವ’ ಎಂಬ ಮಾತಿಗೆ ಬರಬೇಕು. ಊರಭಿಮಾನದಿಂದ ಕಣ್ಣು ಮಂಜಾಗುತ್ತದೆ ಎಂದು ಬುದ್ಧಿವಂತರು ಹೇಳುತ್ತಾರೆ, ನಿಜವೇ. ಆದರೆ ಊರಿನವರು ನೋಡಿರುವುದನ್ನು ದೂರದವರು ನೋಡಿರುವುದಿಲ್ಲ ಎಂಬುದೂ ಅಷ್ಟೇ ನಿಜ. 2018ರ ನವೆಂಬರಿನಲ್ಲಿ ಬೆಳಗಾವಿಯ ಆಟೋನಗರದ ಮೈದಾನಕ್ಕೆ ಮುಂಬೈ ರಣಜಿ ತಂಡ ಬಂದಾಗ ಮೊದಲ ಇನ್ನಿಂಗ್ಸಿನಲ್ಲಿ 5 ವಿಕೆಟ್ ತೆಗೆದವರು ಬೆಳಗಾವಿಯ ರೋನಿತ್ ಮೋರೆ. ಕರ್ನಾಟಕ ತಂಡದಲ್ಲಿ ವಿನಯ್ ಕುಮಾರ್, ಮಿಥುನ್ ಅವರ ಜೊತೆಗೆ ಇನ್ನೊಬ್ಬ ವೇಗದ ಬೌಲರ್ ಯಾರು ಎಂಬ ವಾದದಲ್ಲಿ ಅವರ ಹೆಸರು ಹಿಡಿದವರೆಲ್ಲ ಅಭಿಮಾನದಿಂದ ಕುರುಡಾಗಿದ್ದರೇ? ಬೆಂಗಳೂರಿನ ಲೀಗಿನಲ್ಲಿ ದಿನಾ ಕಣ್ಣಿಗೆ ಬೀಳುವ ಹುಡುಗನ ಪರವಾಗಿ ಯಾರೂ ವಾದಿಸಬೇಕಿಲ್ಲ, ಅವನು ಕಾಣುತ್ತಿದ್ದಾನೆ. ಕಾಣದವನ ಪರವಾಗಿ ಯಾರಾದರೂ ಬಾಯಿ ಮಾಡಲೇಬೇಕು. ಅಭಿಮಾನಿಗೆ ಮತವಿಲ್ಲ, ಮೀಟಿಂಗಿನಲ್ಲಿ ಕುರ್ಚಿಯಿಲ್ಲ. ಖಾಲಿ ಉಳಿದ ಲೆಕ್ಕವನ್ನು ನೆನಪಿನಲ್ಲಿಡುವುದು ಅವನ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತಾನೆ. ಅವನು ಎಡವುವುದು ತನ್ನವನನ್ನು ಒಳಗೆ ತರುವಾಗ ಹೊರಗೆ ಹೋಗುವವನ ಹೆಸರು ಹೇಳದಿದ್ದಾಗ. ಚಹಾದಂಗಡಿಯ ತಂಡದಲ್ಲಿ ಎಷ್ಟೋ ಸಲ ಹದಿಮೂರು ಜನ ಇರುತ್ತಾರೆ.

ಆಯ್ಕೆದಾರರಿಂದ ನಾನು ಕೇಳುವುದು ಕಾರಣ. 1974ರ ಡಿಸೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ದೆಹಲಿ ಟೆಸ್ಟಿಗೆ ನಾಯಕರಾಗಿದ್ದ ವೆಂಕಟ್‌ಗೆ ಮುಂದಿನ ಕಲ್ಕತ್ತಾ ಟೆಸ್ಟಿನ ಹನ್ನೊಂದರಲ್ಲೇ ಜಾಗ ಸಿಗಲಿಲ್ಲ. ಚಂದ್ರಶೇಖರ್ ಬಂದರು, ವೆಂಕಟ್ ಹೋದರು. ಆಟದ ಲೆಕ್ಕದಲ್ಲಿ ಅದನ್ನು ಸಮರ್ಥಿಸಬಹುದೇನೋ. ಆದರೆ ‘ನೀನು ಕಡಿಮೆಯವನು’ ಎನ್ನುವುದಕ್ಕೂ ‘ಈ ಪಿಚ್ಚಿಗೆ, ಈ ಜೋಡಿಗೆ ನೀನು ಹೊಂದುವುದಿಲ್ಲ’ ಎನ್ನುವುದಕ್ಕೂ ಅಜಗಜಾಂತರವಿದೆ. ಬರೀ ಹೆಸರುಗಳ ಪಟ್ಟಿ ಓದಿ ಎದ್ದುಹೋದರೆ ಆಟಗಾರನಿಗೂ ಊರಿಗೂ ಕೇಳಿಸುವುದು ಮೊದಲನೆಯ ಮಾತೇ.

2020ರ ಮಾರ್ಚಿನಲ್ಲಿ ಅದೇ ಸುನಿಲ್ ಜೋಶಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆ ವರ್ಷ ಆಸ್ಟ್ರೇಲಿಯಾ ಪ್ರವಾಸಕ್ಕೆ ಅವರ ಸಮಿತಿ ಆರಿಸಿದ ಟೆಸ್ಟ್ ಪಟ್ಟಿಯಲ್ಲಿ ವಾಷಿಂಗ್ಟನ್ ಸುಂದರ್ ಇರಲಿಲ್ಲ, ಟಿ. ನಟರಾಜನ್ ಕೂಡ ಇರಲಿಲ್ಲ. ಇಬ್ಬರೂ ನೆಟ್ ಬೌಲರುಗಳಾಗಿ ಅಲ್ಲೇ ಉಳಿದರು. ತಂಡದವರು ಒಬ್ಬರ ಹಿಂದೊಬ್ಬರು ಗಾಯಗೊಂಡು, 2021ರ ಜನವರಿಯಲ್ಲಿ ಬ್ರಿಸ್ಬೇನ್ ಟೆಸ್ಟಿಗೆ ಇಬ್ಬರನ್ನೂ ಇಳಿಸಬೇಕಾಯಿತು. ಮೊದಲ ಇನ್ನಿಂಗ್ಸಿನಲ್ಲಿ ಇಬ್ಬರಿಗೂ ತಲಾ 3 ವಿಕೆಟ್, ಸುಂದರ್ ಬ್ಯಾಟಿನಿಂದ 62 ರನ್. ಭಾರತ 3 ವಿಕೆಟ್ಟುಗಳಿಂದ ಗೆದ್ದಿತು. ಆ ಟೆಸ್ಟಿಗೆ ಅವರಿಬ್ಬರ ಹೆಸರನ್ನು ಸಮಿತಿಯೂ ಮೊದಲು ಬರೆದಿರಲಿಲ್ಲ, ಯಾವ ಚಹಾದಂಗಡಿಯ ಪಟ್ಟಿಯಲ್ಲಿಯೂ ನಾನು ಕೇಳಿರಲಿಲ್ಲ.