ಹಾಳು ಮಹಲಿನ ಮುಂದೆ ಒಂದು ಪ್ರಶ್ನೆ

ಹಾಳಾದ ಅರಮನೆಯನ್ನು ಕಂಡವನಿಗೆ ಅರೆಗಳಿಗೆಯ ಮಟ್ಟಿಗಾದರೂ ವೈರಾಗ್ಯ ಹುಟ್ಟುವುದು ಸಹಜ. 'ಇಷ್ಟೆಲ್ಲ ಮೆರೆದವರು ಎಲ್ಲಿ ಹೋದರು?' ಎಂದು ಅವನು ನಿಟ್ಟುಸಿರು ಬಿಡುತ್ತಾನೆ. ಹೊರಗೆ ಬಂದು ಒಂದು ಬಟ್ಟಲು ಚಹ ಕುಡಿಯುವಷ್ಟರಲ್ಲಿ ಆ ನಿಟ್ಟುಸಿರನ್ನು ಮರೆಯುತ್ತಾನೆ. ನಮ್ಮ ಹಿರಿಯರು ಇದನ್ನು ಸ್ಮಶಾನವೈರಾಗ್ಯವೆಂದು ಕರೆದರು. ಈ ಸಲದ ರಜೆಯಲ್ಲಿ ನಮಗೆ ಆ ಸುಲಭವಾದ ವೈರಾಗ್ಯವೂ ದೊರೆಯಲಿಲ್ಲ. ಅದನ್ನು ತಪ್ಪಿಸಿದವನು ನಮ್ಮೊಡನೆ ಬಂದಿದ್ದ ಒಬ್ಬ ವಿದ್ಯಾರ್ಥಿ.

ಸಾವರ್ಡೆಯಲ್ಲಿ ಕನ್ನಡವಾಡುವ ಮನೆಗಳಲ್ಲಿ ಹಲವು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಸೀಮೆಗಳಿಂದ ಬಂದವು. ಅದಿರಿನ ಗಣಿ, ಲಾರಿಗಳ ಕೆಲಸ ಕೆಲವರನ್ನು ಇಲ್ಲಿಗೆ ಕರೆತಂದಿತು. 2012ರಲ್ಲಿ ಗಣಿಗಾರಿಕೆ ನಿಂತಾಗ, ಮತ್ತೆ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು 88 ಗಣಿ ಗುತ್ತಿಗೆಗಳನ್ನು ರದ್ದುಗೊಳಿಸಿದಾಗ, ನಮಗೆ ಪರಿಚಿತರಾದ ಎಷ್ಟೋ ಜನರು ಕಟ್ಟಡದ ಕೆಲಸವನ್ನು ಅರಸಿ ಕಡಲ ದಂಡೆಯ ಕಡೆಗೆ ನಡೆದರು. ಅಲ್ಲಿ ಪ್ರವಾಸಿಗರ ಸುಖಕ್ಕಾಗಿ ಏಳುವ ಹೋಟೆಲುಗಳ ಗೋಡೆಯನ್ನು ಕಟ್ಟುವವರು, ನೆಲಕ್ಕೆ ಫರಸಿ ಕೂಡಿಸುವವರು ಬಹುಮಟ್ಟಿಗೆ ಇಂಥವರೇ. ನಮ್ಮ ಶಾಲೆಗೆ ಬರುವ ಮಕ್ಕಳು ಇವರ ಮಕ್ಕಳು. ತಮ್ಮ ಹಿರಿಯರ ನಾಡನ್ನು ಈ ಮಕ್ಕಳು ಒಮ್ಮೆ ಕಾಣಲೆಂದು ನಾವು ಕೆಲವರು ಉಪಾಧ್ಯಾಯರು ಕೂಡಿ ಅವರನ್ನು ಹುಬ್ಬಳ್ಳಿಯ ಮಾರ್ಗವಾಗಿ ವಿಜಯಪುರಕ್ಕೆ ಕರೆದೊಯ್ದಿದ್ದೆವು.

ಗೋಳಗುಮ್ಮಟವನ್ನೂ ಇಬ್ರಾಹಿಂ ರೋಜಾವನ್ನೂ ನೋಡಿಯಾದ ಮೇಲೆ, ಊರಿನ ಪಶ್ಚಿಮಕ್ಕೆ ಐದಾರು ಕಿಲೋಮೀಟರು ದೂರದ ತೊರವಿಗೆ ಹೋದೆವು. ಹೆಚ್ಚಿನ ಪ್ರವಾಸಿಗರು ಇತ್ತ ಬರುವುದಿಲ್ಲ. ಇಲ್ಲಿ ಇದ್ದುದು ನವರಸಪುರ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ಈ ಊರನ್ನು ಕಟ್ಟಿಸಲು ತೊಡಗಿದನು. ಇಪ್ಪತ್ತು ಸಾವಿರ ಕೆಲಸಗಾರರು ಇದಕ್ಕಾಗಿ ದುಡಿದರೆಂದು ಹೇಳುತ್ತಾರೆ. ಈ ಊರಿಗೆ ರಸಗಳ ಹೆಸರಿಟ್ಟುದೇ ಅರಸನ ಮನಸ್ಸನ್ನು ತಿಳಿಸುತ್ತದೆ. ಸಂಗೀತ, ನರ್ತನ, ಕಾವ್ಯ, ಉತ್ಸವ, ಇವುಗಳಿಗಾಗಿಯೇ ಒಂದು ಪಟ್ಟಣ! ಅದರ ನಡುವಿನ ವಿಲಾಸಮಂದಿರವೇ ಸಂಗೀತ ಮಹಲು. ಕೋಟೆಯೊಳಗಿನ ಗಗನ ಮಹಲಿನ ಮಾದರಿಯಲ್ಲಿಯೇ ಅದನ್ನು ಕಟ್ಟಿದ್ದಾರೆ: ನಡುವೆ ವಿಶಾಲವಾದ ಒಂದು ಕಮಾನು, ಇಕ್ಕೆಲಗಳಲ್ಲಿ ಕಿರಿದಾದ ಎರಡು ಕಮಾನುಗಳು, ಎದುರಿಗೆ ನೀರಿನ ಕೊಳ. ದೀಪಗಳ ನೆರಳು ಆ ನೀರಿನಲ್ಲಿ ನಡುಗುತ್ತಿದ್ದ ರಾತ್ರಿಗಳನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ತನ್ನ ತಂಬೂರಿಗೆ ಮೋತೀಖಾನನೆಂದೂ ಆನೆಗೆ ಆತಶಖಾನನೆಂದೂ ಹೆಸರಿಟ್ಟು ಅವುಗಳ ಮೇಲೆ ಹಾಡು ಕಟ್ಟಿದ ಅರಸನು ಅವನು. 1604ರ ಸುಮಾರಿಗೆ ಬಂದಿದ್ದ ಅಕ್ಬರನ ದೂತ ಅಸದ್ ಬೇಗನು, ಸಂಗೀತದಲ್ಲಿ ಮುಳುಗಿದ ಅರಸನು ತನ್ನ ಮಾತಿಗೆ ಉತ್ತರ ಕೊಡಲೂ ಆಗದಷ್ಟು ಮೈಮರೆತಿದ್ದನೆಂದು ಬರೆದಿದ್ದಾನೆ.

ಈ ವೈಭವದ ಆಯುಷ್ಯ ಇಪ್ಪತ್ತೈದು ವರ್ಷ. 1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರನು ಭಾತವಡಿಯ ಯುದ್ಧದಲ್ಲಿ ಮೊಗಲ ಮತ್ತು ವಿಜಾಪುರದ ಕೂಡುಪಡೆಗಳನ್ನು ಸೋಲಿಸಿ, ಮುನ್ನುಗ್ಗಿ ಬಂದು ನವರಸಪುರವನ್ನು ಕೊಳ್ಳೆ ಹೊಡೆದನು. ಪಟ್ಟಣವು ಮತ್ತೆ ತಲೆಯೆತ್ತಲಿಲ್ಲ.

ಇಷ್ಟನ್ನು ಮಕ್ಕಳಿಗೆ ಹೇಳಿ, ವಾಡಿಕೆಯಂತೆ ಕಾಲಮಹಿಮೆಯ ಮಾತಿಗೆ ನಾವು ತೊಡಗಿದ್ದೆವು. ಆಗ ಎಂಟನೆಯ ಇಯತ್ತೆಯ ಆ ಹುಡುಗ ಕೇಳಿದ: "ಗುರುಗಳೆ, ಇದು ಬಿದ್ದದ್ದ ಛಲೋ ಆತಲ್ರೀ? ಬೀಳದಿದ್ರ ನಮ್ಮನ್ನ ಒಳಗ ಬಿಡತಿದ್ರೇನ್ರಿ?"

ಅವನ ತಂದೆ ಗೌಂಡಿ. ತಂದೆ ಎರಡು ವರ್ಷ ದುಡಿದು ಮುಗಿಸಿದ ಹೋಟೆಲೊಂದನ್ನು ನೋಡಲು ಹೋದ ಆ ಹುಡುಗನನ್ನು ಬಾಗಿಲಿನಲ್ಲಿಯೇ ನಿಲ್ಲಿಸಿದ್ದರೆಂಬುದು ನಮಗೆ ತಿಳಿದಿತ್ತು. ಕಾಲಮಹಿಮೆಯ ಮಾತು ನಮ್ಮ ಬಾಯಲ್ಲಿಯೇ ಉಳಿಯಿತು. ಆ ಹೊತ್ತಿಗೆ ಅವನಿಗೆ ನಾವು ಕೊಡಲಾರದೆ ಹೋದ ಉತ್ತರವನ್ನು ಇಲ್ಲಿ ಹುಡುಕಲು ಯತ್ನಿಸಿದ್ದೇವೆ.

ಮೊದಲು ನಮ್ಮ ಉಪದೇಶವನ್ನೇ ಪರೀಕ್ಷಿಸೋಣ. ಭೋಗವು ನಶ್ವರ, ಆದುದರಿಂದ ಅದು ಹೀನ ಎಂದು ಹಾಳು ಮಹಲು ಸಾರುತ್ತದೆಯೇ? ಹಾಗೆ ತೋರುವುದಿಲ್ಲ. ದಂಡು ಬಂದಾಗ ವಿಲಾಸಮಂದಿರವೊಂದೇ ಬೀಳುವುದಿಲ್ಲ. ಕಣಜವೂ ಬೀಳುತ್ತದೆ, ಗುಡಿಯೂ ಬೀಳುತ್ತದೆ. 1565ರ ಯುದ್ಧದ ತರುವಾಯ ಹಂಪೆಯಲ್ಲಿ ಅರಮನೆಗಳೊಡನೆ ದೇವಾಲಯಗಳೂ ಹಾಳಾದವು. ಅದರಿಂದ ದೇವಪೂಜೆ ಹೀನವೆಂದು ಯಾರೂ ವಾದಿಸಲಿಲ್ಲ. ಮಲಿಕ್ ಅಂಬರನು ಬಂದುದು ಯುದ್ಧದ ಕಾರಣದಿಂದ, ಸಂಗೀತದ ಕಾರಣದಿಂದಲ್ಲ. ಅಳಿವು ಎಲ್ಲಕ್ಕೂ ಸಮಾನ. ಎಲ್ಲಕ್ಕೂ ಸಮಾನವಾದುದು ಯಾವುದೊಂದರ ಯೋಗ್ಯತೆಯನ್ನೂ ಅಳೆಯಲಾರದು.

ಇನ್ನೊಂದು ಮಾತು. ಸುಖವನ್ನು ಉಂಡು ದಣಿದವನು ವೈರಾಗ್ಯವನ್ನು ನುಡಿದರೆ ಅದಕ್ಕೊಂದು ಬೆಲೆಯುಂಟು. ಸುಖದ ಹೊಸ್ತಿಲನ್ನೇ ದಾಟದ ಮಗುವಿಗೆ, 'ಸುಖದಲ್ಲಿ ಏನೂ ಇಲ್ಲ, ಮಗೂ' ಎಂದು ಹೇಳುವುದು ಉಪದೇಶವಲ್ಲ. ಬಾಗಿಲಿನಲ್ಲಿ ತಡೆದವನ ಕೆಲಸವನ್ನೇ ನಾವು ನಯವಾದ ಮಾತಿನಲ್ಲಿ ಮುಂದುವರಿಸಿದಂತೆ. ಉಪಾಧ್ಯಾಯರಾದ ನಮ್ಮಿಂದ ಈ ತಪ್ಪು ಹಲವು ಸಲ ಆಗಿರಬೇಕು.

ಹಾಗಾದರೆ ಹುಡುಗನ ಮಾತು ಸರಿಯೇ? ಬಿದ್ದದ್ದು ಒಳ್ಳೆಯದಾಯಿತೇ? ಇದನ್ನೂ ಒಪ್ಪಲು ನಮಗೆ ಮನಸ್ಸು ಬಾರದು. ಮಹಲು ಬಿದ್ದಾಗ ಅರಸನ ಸುಖವಷ್ಟೇ ಬೀಳಲಿಲ್ಲ; ಕಲ್ಲು ಹೊತ್ತವರ, ಕಮಾನು ತಿರುಗಿಸಿದವರ, ಗಿಲಾವು ಬಳಿದವರ ದುಡಿಮೆಯೂ ಬಿದ್ದಿತು. ಅರಸನಿಗೆ ಬೇರೆ ಮಹಲುಗಳಿದ್ದವು. ಆ ಕೆಲಸಗಾರರು ಜಗತ್ತಿನಲ್ಲಿ ಬಿಟ್ಟುಹೋದ ಗುರುತು ಬಹುಶಃ ಇದೊಂದೇ ಆಗಿದ್ದಿರಬೇಕು. ಅದರ ನಾಶಕ್ಕೆ ಅವರ ವಂಶದವನೇ ಸಂತೋಷಪಡುವುದೆಂದರೆ ತನ್ನ ಹಿರಿಯರ ಕೈಯನ್ನು ತಾನೇ ಅಲ್ಲಗಳೆದಂತಲ್ಲವೇ? ಬಾಗಿಲು ಮುಚ್ಚಿದ್ದುದು ಅನ್ಯಾಯ. ಆದರೆ ಬಾಗಿಲನ್ನು ತೆರೆಯುವುದು ಬೇರೆ, ಮನೆಯನ್ನು ಕೆಡವುವುದು ಬೇರೆ.

ತೊರವಿಯ ನೆಲವೇ ನಮಗೆ ಇಲ್ಲಿ ನೆರವಾಗುತ್ತದೆ. ಅದೇ ಊರಿನಲ್ಲಿ ನರಸಿಂಹನ ಗುಡಿಯಿದೆ. ಕುಮಾರ ವಾಲ್ಮೀಕಿಯು ತನ್ನ ರಾಮಾಯಣವನ್ನು ಭಾಮಿನೀ ಷಟ್ಪದಿಯಲ್ಲಿ ಹಾಡಿ ಆ ದೇವರಿಗೆ ಒಪ್ಪಿಸಿದನು. ಅದರಿಂದಲೇ ಆ ಕಾವ್ಯಕ್ಕೆ ತೊರವೆ ರಾಮಾಯಣವೆಂದು ಹೆಸರು. ಕವಿಯು ಇಬ್ರಾಹಿಮನಿಗಿಂತ ಹಿಂದಿನವನೆಂಬುದು ವಿದ್ವಾಂಸರ ಅಭಿಪ್ರಾಯ. ಕಾವ್ಯವೂ ರಸದ ಕಟ್ಟಡವೇ. ಅದೂ ಕಿವಿಗೆ ಸುಖ, ಮನಸ್ಸಿಗೆ ಸುಖ. ಆದರೆ ಆ ಕಟ್ಟಡಕ್ಕೆ ಕಾವಲುಗಾರನಿಲ್ಲ. ಓದುಬಾರದವನೂ ಜಗುಲಿಯ ಮೇಲೆ ಕುಳಿತು, ಮತ್ತೊಬ್ಬರು ವಾಚಿಸುವಾಗ ಅದರೊಳಗೆ ಹೋಗಿ ಬಂದನು. ಹತ್ತು ಜನ ಕೇಳಿದರೆಂದು ಹನ್ನೊಂದನೆಯವನ ಪಾಲು ಕಡಿಮೆಯಾಗಲಿಲ್ಲ.

ಇದೇ ತೊರವಿಯಿಂದ ಆದಿಲಶಾಹಿ ಅರಸರು ನೆಲದೊಳಗೆ ಸುರಂಗವನ್ನು ತೋಡಿಸಿ ವಿಜಾಪುರ ಪಟ್ಟಣಕ್ಕೆ ನೀರನ್ನು ಹರಿಸಿದರು. ಆ ನೀರು ಅರಮನೆಯ ಕಾರಂಜಿಗೂ ಬೇಕಾಗಿತ್ತು, ಊರಿನ ಕೊಡಕ್ಕೂ ಬೇಕಾಗಿತ್ತು. ಅರಸರ ಕಟ್ಟಡಗಳಲ್ಲಿ ಜನರಿಗೆ ಪಾಲು ಇದ್ದುದೂ ಉಂಟೆಂಬುದಕ್ಕೆ ಇದು ಸಾಕ್ಷಿ.

ಇಬ್ರಾಹಿಮನ ವಿಷಯದಲ್ಲಿಯೂ ನಾವು ನ್ಯಾಯವನ್ನು ಮರೆಯಬಾರದು. ಅವನು ತನ್ನ ಹಾಡುಗಳನ್ನು ಆಸ್ಥಾನದ ಪಾರಸಿಯಲ್ಲಿ ಬರೆಯದೆ ದಖನಿಯಲ್ಲಿ ಬರೆದನು. ತನ್ನ 'ಕಿತಾಬ್-ಎ-ನವರಸ್' ಗ್ರಂಥದಲ್ಲಿ ಸರಸ್ವತಿಯನ್ನು ಸ್ತುತಿಸಿದನು. ಜನರು ಅವನನ್ನು ಜಗದ್ಗುರುವೆಂದು ಕರೆದರು. ಮಹಲು ಹಾಳಾದರೂ ಆ ಹಾಡುಗಳು ಉಳಿದು ನಮ್ಮ ಕಾಲದಲ್ಲಿ ಅಚ್ಚಾಗಿವೆ. ತನ್ನ ಸುಖದಲ್ಲಿ ಯಾವ ಭಾಗಕ್ಕೆ ಅವನು ಗೋಡೆ ಕಟ್ಟಲಿಲ್ಲವೋ ಆ ಭಾಗವು ನಮ್ಮವರೆಗೂ ಬಂದಿದೆ. ಹಂಚಿದುದೆಲ್ಲ ಉಳಿಯುತ್ತದೆಂಬ ನಿಯಮವೇನೂ ಇಲ್ಲ. ಎಷ್ಟೋ ಜನಪದ ಹಾಡುಗಳು ಹಾಡಿದವರೊಡನೆಯೇ ಮಣ್ಣಾದವು. ಉಳಿವಿನ ಆಸೆಯಿಂದ ಹಂಚಬೇಕೆಂದು ನಾವು ಹೇಳುತ್ತಿಲ್ಲ. ಹಂಚುವುದೇ ನ್ಯಾಯವೆಂದು ಹೇಳುತ್ತಿದ್ದೇವೆ.

ಆದುದರಿಂದ ಒಂದು ಸುಖವನ್ನು ಅಳೆಯುವಾಗ ಅದು ಎಷ್ಟು ದಿನ ಬಾಳೀತೆಂದು ಕೇಳುವುದಕ್ಕಿಂತ, ಅದನ್ನು ಹೊತ್ತ ಹೆಗಲಿಗೆ ಅದರೊಳಗೆ ಪಾಲುಂಟೇ ಎಂದು ಕೇಳುವುದು ಮೇಲು. ಮಹಲನ್ನು ಕಟ್ಟಿದವನು ತನ್ನ ಮಗನ ಕೈ ಹಿಡಿದು, ತಲೆ ತಗ್ಗಿಸದೆ, ಒಂದು ಸಂಜೆ ಅಲ್ಲಿ ಕುಳಿತು ಹಾಡು ಕೇಳಬಲ್ಲನೇ? ಬಲ್ಲನಾದರೆ ಆ ಮಹಲು ನಿಲ್ಲಲಿ, ನೂರು ಮಹಲುಗಳು ಏಳಲಿ. ಆಗದಿದ್ದರೆ, ಅದು ನಿಂತಿದ್ದರೂ ಒಂದರ್ಥದಲ್ಲಿ ಹಾಳು ಬಿದ್ದ ಕಟ್ಟಡವೇ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ಎಲ್ಲರಿಗೂ ತೆರೆದಿಟ್ಟುದನ್ನು ಕಾಯುವವರು ಯಾರು? ಈ ಆಕ್ಷೇಪಣೆ ಹುರುಳಿಲ್ಲದ್ದಲ್ಲ. ಮಹಲಿನ ಗೋಡೆಯ ಮೇಲೆ ಇದ್ದಲಿಯಿಂದ ಬರೆದ ಹೆಸರುಗಳನ್ನು ನಾವು ಕಂಡೆವು. ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ, ನಮ್ಮ ಹುಡುಗರಲ್ಲಿಯೂ ಒಬ್ಬನು ಕೈಯಲ್ಲಿ ಇದ್ದಲಿಯ ಚೂರು ಹಿಡಿದಿದ್ದನು. ಪಾಲು ಕೇಳುವವನು ಕಾವಲಿನ ಪಾಲನ್ನೂ ಹೊರಬೇಕು. ಇದು ನಮ್ಮದೆಂಬುವವನು ಇದನ್ನು ಕೆಡಿಸಲಾರನು. ಇದನ್ನು ಹೇಳಿದ ಮೇಲೆ ಮೊದಲು ಪ್ರಶ್ನೆ ಕೇಳಿದ ಆ ಹುಡುಗನೇ ಗೆಳೆಯನ ಕೈಯಿಂದ ಚೂರನ್ನು ಕಸಿದು ಎಸೆದನು. ಕರ್ನಾಟಕ ಸರಕಾರವು ಕೆಲವು ವರ್ಷಗಳಲ್ಲಿ ನವರಸಪುರ ಉತ್ಸವವನ್ನು ನಡೆಸಿದೆ. ಹಳೆಯ ಹೆಸರು ಹೀಗೆ ಎಲ್ಲರ ಉತ್ಸವಕ್ಕೆ ದೊರೆತುದು ನಮಗೆ ಸಮಾಧಾನದ ಸಂಗತಿ.

ಊರಿಗೆ ಮರಳಿದ ಮೇಲೆ, ಮಹಲಿನ ಚಿತ್ರವನ್ನು ಆ ಹುಡುಗನ ತಂದೆಗೆ ತೋರಿಸಿದೆವು. ಅವರು ಅರಸನ ಹೆಸರನ್ನು ಕೇಳಲಿಲ್ಲ, ಕಾಲವನ್ನೂ ಕೇಳಲಿಲ್ಲ. ಚಿತ್ರವನ್ನು ಬಹಳ ಹೊತ್ತು ನೋಡಿ, "ಗಿಲಾವ ಉದುರೇತಿ, ಆದ್ರ ಕಮಾನ ಜಗ್ಗಿಲ್ಲ ನೋಡ್ರಿ. ಕೈ ಛಲೋ ಇತ್ತು ಆ ಗೌಂಡೀದು" ಎಂದರು. ಮಗನು ಪಕ್ಕದಲ್ಲಿ ನಿಂತು ಕೇಳುತ್ತಿದ್ದನು.

ನವರಸಪುರವು ಬಿದ್ದದ್ದು ಒಳ್ಳೆಯದಾಯಿತೇ ಎಂಬ ಪ್ರಶ್ನೆಗೆ ನಮ್ಮ ಉತ್ತರವನ್ನು ಈಗ ಹೇಳಬಲ್ಲೆವು. ಇಲ್ಲ, ಮಗು, ಒಳ್ಳೆಯದಾಗಲಿಲ್ಲ. ಅದು ನಿಂತಿರಬೇಕಾಗಿತ್ತು, ಮತ್ತು ನಿನ್ನನ್ನು ಒಳಗೆ ಬಿಡಬೇಕಾಗಿತ್ತು.