ಮಂಚದ ಕೆಳಗಿನ ಪರಿಮಾಣ

ಹೊರಗಿನ ಪರಿಗ್ರಹಗಳು 10 ಎಂದು ಜೈನ ಆಚಾರ್ಯರು ಎಣಿಸಿಟ್ಟಿದ್ದಾರೆ: ಹೊಲ, ಮನೆ, ಧನ, ಧಾನ್ಯ, ಆಳುಕಾಳು, ದನಕರು, ವಾಹನ, ಹಾಸಿಗೆ-ಆಸನ, ಬಟ್ಟೆಬರೆ, ಪಾತ್ರೆಪಗಡಿ. ಮನಸ್ಸಿನ ಒಳಗಿನವು 14. ಮಲಗುವ ಮಂಚ ಆ ಹತ್ತರೊಳಗೇ ಬಂದುಬಿಡುತ್ತದೆ. ಮಂಚದ ಅಡಿಗೆ ಸಾಮಾನು ತುಂಬುವ ಖಾನೆಯನ್ನೂ ಜೋಡಿಸಿದರೆ ಪರಿಗ್ರಹದೊಳಗೆ ಇನ್ನೊಂದು ಪರಿಗ್ರಹವನ್ನು ಕೂರಿಸಿದ ಹಾಗೆ. ಕಾರ್ಕಳದಲ್ಲಿ ಹುಟ್ಟಿ, ಬೆಟ್ಟದ ಮೇಲಿನ ಬಾಹುಬಲಿಯನ್ನು ದಿನಾ ಕಾಣುತ್ತ ಬೆಳೆದ ನನಗೆ, ಏಳು ವರ್ಷದ ಮಗಳಿಗೆ ಅಂಥ ಮಂಚ ಮಾಡಲು ಹೊರಟಾಗ ಈ ಪ್ರಶ್ನೆಯನ್ನು ದಾಟಿ ಹೋಗಲು ಆಗಲಿಲ್ಲ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಆ ವಿಗ್ರಹ, ಗೆದ್ದ ರಾಜ್ಯವನ್ನೇ ಬಿಟ್ಟು ನಿಂತವನದು. ಅವನ ಪಾದದ ಕೆಳಗಿನ ಊರಿನಲ್ಲಿದ್ದುಕೊಂಡು, ಮಗು ಮಲಗುವ ಜಾಗದಲ್ಲೇ ಕೂಡಿಡುವುದನ್ನು ಕಲಿಸುವುದು ಸರಿಯೇ?

ಮುನಿಗಳ ಮಟ್ಟಿಗೆ ಉತ್ತರ ನೇರವಾಗಿದೆ. ದಿಗಂಬರ ಮುನಿಯ 28 ಮೂಲಗುಣಗಳಲ್ಲಿ ಭೂಶಯನ ಒಂದು. ಬರಿ ನೆಲ, ಕಲ್ಲು, ಹುಲ್ಲು, ಇಲ್ಲವೇ ಒಂದು ಮರದ ಹಲಗೆ. ಜೊತೆಗೆ ನವಿಲುಗರಿಯ ಪಿಂಛಿ, ಕಮಂಡಲು, ಓದಲು ಶಾಸ್ತ್ರ. ಅಲ್ಲಿಗೆ ಮುಗಿಯಿತು. ಗೃಹಸ್ಥನಿಗೆ ಹೇಳಿದ್ದು ಪರಿಗ್ರಹ ಪರಿಮಾಣ ವ್ರತ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಇಟ್ಟ ಕ್ರಮ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಧನಧಾನ್ಯ ಮುಂತಾದವುಗಳಿಗೆ ಮೊದಲು ಅಳತೆ ಹಾಕಿಕೊಳ್ಳಬೇಕು, ಅದರಾಚೆಗೆ ಇರುವುದರ ಆಸೆಯನ್ನು ಆಮೇಲೆ ಬಿಡಬೇಕು. ಅಳತೆ ಮುಂಚೆ ಬರಬೇಕು. ಆಸೆ ಹುಟ್ಟಿದ ಮೇಲೆ ಹಾಕುವ ಅಳತೆ ಆಸೆಯ ಅಳತೆಯೇ ಆಗಿರುತ್ತದೆ.

ನಮ್ಮ ಆಚಾರಿಗಳು ಉಳಿ ಮುಟ್ಟುವ ಮೊದಲು ಕೇಳಿದ್ದೂ ಅಳತೆಯನ್ನೇ. ಹಾಸಿಗೆ 72 ಇಂಚು ಉದ್ದ, 36 ಅಗಲ, 4 ದಪ್ಪ. ಮರ ಹಲಸು. ಅಂಗಳದಂಚಿನ ಹಳೆಯ ಹಲಸು ಮಳೆಗಾಲದ ಗಾಳಿಗೆ ಬುಡಸಮೇತ ಮಗುಚಿ ಬಿದ್ದಿತ್ತು. ಅದನ್ನು ಮಿಲ್ಲಿನಲ್ಲಿ ಸೀಳಿಸಿ, ಹಲಗೆಗಳ ನಡುವೆ ಪಟ್ಟಿ ಕೊಟ್ಟು, ಗಾಳಿಯಾಡುವಂತೆ ಕೊಟ್ಟಿಗೆಯ ಅಟ್ಟದಲ್ಲಿ ಒಟ್ಟಿದ್ದೆವು. ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕೆನ್ನುವುದು ಬಡಗಿಗಳ ಲೆಕ್ಕ. ಮರವೂ ಏಕೇಂದ್ರಿಯ ಜೀವವೇ. ಶ್ರಾವಕನ ಅಹಿಂಸಾಣುವ್ರತ ಚಲಿಸುವ ಜೀವಗಳನ್ನು ಕೊಲ್ಲಬೇಡ ಎನ್ನುತ್ತದೆ, ಮರಗಿಡಗಳ ವಿಷಯದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬೇಡ ಎನ್ನುತ್ತದೆ. ಬಿದ್ದ ಮರ ಮನೆಯಲ್ಲೇ ಇರುವಾಗ ಸಾಗುವಾನಿಯ ಮಾತು ಬರಲಿಲ್ಲ. ಹತ್ತರಿ ಹೊಡೆದಾಗ ಹಲಸಿನ ಒಡಲು ಅರಿಶಿನದ ಬಣ್ಣದಲ್ಲಿ ತೆರೆದುಕೊಳ್ಳುತ್ತದೆ, ವರ್ಷಗಳು ಹೋದ ಹಾಗೆ ಕಂದಾಗುತ್ತದೆ. ಇದೇ ಮರದ ಚಕ್ಕೆ ಕುದಿಸಿ ತೆಗೆದ ಬಣ್ಣದಿಂದ ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟುತ್ತಿದ್ದರು. ಎಲ್ಲವನ್ನೂ ಬಿಟ್ಟವರ ಬಟ್ಟೆಗೆ ಬಣ್ಣ ಕೊಟ್ಟ ಮರ ಅದು, ಅದಕ್ಕೇ ನಾನು ಅದರ ಮುಂದೆ ಸ್ವಲ್ಪ ಭಕ್ತಿಯಿಂದಲೇ ಕೂತೆ.

ಚರ್ಚೆ ನಿಂತದ್ದು ಖಾನೆಯ ಎತ್ತರದಲ್ಲಿ. ನನ್ನ ಹೆಂಡತಿ 14 ಇಂಚು ಬೇಕೆಂದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಮನೆ ಚಿಕ್ಕದು, ಮಳೆಗಾಲಕ್ಕೆ ಕಂಬಳಿ, ನೆಂಟರು ಬಂದರೆ ತಲೆದಿಂಬು, ಹಳೆಯ ಪುಸ್ತಕ, ಆಟಿಕೆ, ಸಣ್ಣದಾದ ಬಟ್ಟೆ, ಎಲ್ಲಕ್ಕೂ ಜಾಗ ಬೇಕು. ಆಚಾರಿಗಳು ಪೆನ್ಸಿಲಿನಿಂದ ಹಲಗೆಯ ಮೇಲೆಯೇ ಲೆಕ್ಕ ಬರೆದರು. ನೆಲದಿಂದ 2 ಇಂಚು ಬಿಡಬೇಕು, ಇಲ್ಲದಿದ್ದರೆ ಒರೆಸಿದ ನೀರು ಮರಕ್ಕೆ ಏರುತ್ತದೆ. ಖಾನೆ 7. ಚೌಕಟ್ಟು ಮತ್ತು ಅಡ್ಡಪಟ್ಟಿ ಸೇರಿ 3. ಹಾಸಿಗೆ 4. ಒಟ್ಟು 16. ಖಾನೆಯನ್ನು 14 ಮಾಡಿದರೆ 23.

“ಮಾಷ್ಟ್ರೇ, ನೀವು ಖಾನೆ ಎಷ್ಟು ಎತ್ತರ ಮಾಡ್ತೀರೋ ಮಗು ಅಷ್ಟು ಎತ್ತರದಿಂದ ಬೀಳ್ತದೆ,” ಎಂದರು. “ಬದಿಗೆ ಅಡ್ಡ ಬೇಕಾದ್ರೆ ಕೊಡುವ. ಆದ್ರೆ ರಾತ್ರಿ ಅದಕ್ಕೆ ಇಳಿದು ಹೋಗ್ಲಿಕ್ಕೆ ಕಷ್ಟ ಉಂಟು.”

ಕೂಡಿಡುವುದರ ಬಗ್ಗೆ ಇಷ್ಟು ನಿಖರವಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ನಮ್ಮ ಸಾಮಾನಿಗೆ ಜಾಗ ಮಾಡಿದಷ್ಟೂ ಮಗುವಿನ ನಿದ್ದೆ ನೆಲದಿಂದ ಮೇಲೇರುತ್ತದೆ. ಮುನಿಗೆ ನೆಲವೇ ಹಾಸಿಗೆ ಯಾಕೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಅಜ್ಜ ತಪಸ್ಸು ಎಂದಷ್ಟೇ ಹೇಳಿದ್ದರು. ನೆಲದ ಮೇಲೆ ಮಲಗಿದವನಿಗೆ ಬೀಳುವ ಭಯವಿಲ್ಲ ಎಂಬುದು ಆ ಲೆಕ್ಕದ ಮುಂದೆ ನಿಂತಾಗ ಹೊಳೆಯಿತು. ಒಳಗಿನ 14 ಪರಿಗ್ರಹಗಳಲ್ಲಿ ಭಯವೂ ಒಂದು ಎನ್ನುವುದನ್ನು ಇಲ್ಲಿ ನೆನೆಯಬೇಕು. ನಾಳೆ ಬೇಕಾದೀತು ಎಂಬ ಭಯದಿಂದ ಖಾನೆ ದೊಡ್ಡದಾಗುತ್ತದೆ, ಖಾನೆ ದೊಡ್ಡದಾದ್ದರಿಂದ ಬೀಳುವ ಭಯ ಹುಟ್ಟುತ್ತದೆ, ಆ ಭಯಕ್ಕೆ ಮತ್ತೊಂದು ಅಡ್ಡಹಲಗೆ.

ಪರಿಗ್ರಹ ಪರಿಮಾಣಕ್ಕೆ ಸಮಂತಭದ್ರರು ಐದು ಅತಿಚಾರಗಳನ್ನು, ಎಂದರೆ ವ್ರತಕ್ಕೆ ತಗಲುವ ದೋಷಗಳನ್ನು, ಹೇಳುತ್ತಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಅತಿಸಂಗ್ರಹ, ಲೋಭ ಯಾರಿಗೂ ತಿಳಿಯುವಂಥವು. ಎತ್ತುಗಳನ್ನು ಮಿತಿಮೀರಿ ದುಡಿಸುವುದು, ಅವುಗಳ ಮೇಲೆ ಮಿತಿಮೀರಿ ಹೇರುವುದು ಆಗಿನ ವ್ಯಾಪಾರದ ಕಾಲಕ್ಕೆ ಸಹಜವಾಗಿ ಬಂದವು. ನಡುವೆ ಕೂತಿರುವ ವಿಸ್ಮಯವೇ ನನ್ನನ್ನು ಹೆಚ್ಚು ಕಾಡಿದ್ದು. ಬೇರೆಯವರ ಬಳಿ ಇರುವುದನ್ನು ಕಂಡು ಬೆರಗಾಗುವುದು ಕೂಡ ವ್ರತಕ್ಕೆ ಕುಂದು! ಮಗಳ ಹೆಸರಿನಲ್ಲಿ ಕೂಡಿದ ಸಾಮಾನನ್ನೆಲ್ಲ ಚಾವಡಿಯಲ್ಲಿ ಹರಡಿ ನೋಡಿದೆವು. ಅವಳಾಗಿ ಬೇಕೆಂದು ಕೇಳಿದ್ದು ಬಣ್ಣದ ಡಬ್ಬಿ, ಒಂದು ಬಟ್ಟೆಯ ಆನೆ, ಕೆಲವು ಚಿತ್ರದ ಪುಸ್ತಕ. ಉಳಿದದ್ದರಲ್ಲಿ ಬಹುಪಾಲು ಇನ್ನೊಬ್ಬರ ಮನೆಯ ಮಗುವಿನ ಕೈಯಲ್ಲಿ ಕಂಡು ನಾವು ತಂದದ್ದು. ಬೆರಗು ನಮ್ಮದು, ಖಾನೆಗೆ ಮಾತ್ರ ಅವಳ ಹೆಸರು.

ಮಗುವಿಗೆ ವ್ರತ ಹೇರುವುದು ತರವೇ ಎಂದು ಕೆಲವರು ಕೇಳಿದರು. ಹೇರಿಲ್ಲ, ಹೇರಲು ಬರುವುದೂ ಇಲ್ಲ. ಎಂಟು ವರ್ಷ ತುಂಬುವವರೆಗೆ ಮನುಷ್ಯನಿಗೆ ವ್ರತ ಹಿಡಿಯುವ ಯೋಗ್ಯತೆ ಬರುವುದಿಲ್ಲ ಎನ್ನುತ್ತದೆ ನಮ್ಮ ಸಿದ್ಧಾಂತ. ನನ್ನ ಮಗಳು ಇನ್ನೂ ಆ ಗೆರೆಯ ಈಚೆ ಇದ್ದಾಳೆ. ಹಾಗಾದರೆ ಅವಳ ಮಂಚದ ಕೆಳಗಿರುವುದು ಯಾರ ಪರಿಗ್ರಹ? ತಂದವರದ್ದು, ಇಟ್ಟವರದ್ದು, ಬಿಡಲಾರದವರದ್ದು. 7 ಇಂಚಿನ ಮಿತಿ ನನಗೆ ಮತ್ತು ಅವಳ ಅಮ್ಮನಿಗೆ ಹಾಕಿದ್ದು. ಅವಳು ಅದರ ಮೇಲೆ ಮಲಗುತ್ತಾಳೆ, ಅಷ್ಟೇ.

ಇಲ್ಲೊಂದು ನಿಜವಾದ ಕಷ್ಟವಿದೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಪರಿಗ್ರಹ ಎಂದರೆ ಮೂರ್ಛೆ ಎನ್ನುತ್ತಾರೆ. ವಸ್ತುವಿನ ಮೇಲೆ ಮೈಮರೆತ ಮಮಕಾರ. ಹಾಗಿದ್ದರೆ ಮಮಕಾರವಿಲ್ಲದೆ ಹತ್ತು ಕಪಾಟು ತುಂಬಿಕೊಂಡರೆ ಏನು ತಪ್ಪು ಎಂದು ಬುದ್ಧಿವಂತರು ವಾದಿಸಬಹುದು, ವಾದಿಸಿದ್ದನ್ನು ಕೇಳಿಯೂ ಇದ್ದೇನೆ. ಅವರಿಗೆ ನನ್ನ ಉತ್ತರ ಇಷ್ಟು: ಮಮಕಾರ ಇದೆಯೋ ಇಲ್ಲವೋ ಎಂದು ತಿಳಿಯುವುದು ಬಿಡಬೇಕಾದ ಗಳಿಗೆಯಲ್ಲಿ. ಮಿತಿಯೇ ಇಲ್ಲದ ಮನೆಯಲ್ಲಿ ಆ ಗಳಿಗೆ ಬರುವುದೇ ಇಲ್ಲ. ಎಲ್ಲಕ್ಕೂ ಜಾಗ ಇರುವಾಗ ಯಾರು ಬೇಕಾದರೂ ನಿರ್ಮೋಹಿ. ಖಾನೆ ಭರ್ತಿಯಾಗಿ, ಒಂದನ್ನು ಇಡಲು ಒಂದನ್ನು ತೆಗೆಯಬೇಕಾದಾಗ ಯಾವುದರ ಮೇಲೆ ಕೈ ಹೋಗುವುದಿಲ್ಲವೋ ಅಲ್ಲಿ ಮೂರ್ಛೆ ಇದೆ. ಉಮಾಸ್ವಾಮಿಗಳ ಮಾತಿಗೂ ಸಮಂತಭದ್ರರ ಮಾತಿಗೂ ವಿರೋಧವಿಲ್ಲ. ಒಬ್ಬರು ರೋಗವನ್ನು ಹೇಳಿದರು, ಇನ್ನೊಬ್ಬರು ಅದನ್ನು ಗುರುತಿಸುವ ಕ್ರಮವನ್ನು ಕೊಟ್ಟರು.

ನಮ್ಮ ಮನೆಯಲ್ಲಿ ಅದು ಬೆಳ್ಳಗಿನ ಹತ್ತಿಯ ಒಂದು ಕುಲಾವಿಯ ಹತ್ತಿರ ಗೊತ್ತಾಯಿತು. ಮಗಳು ಹುಟ್ಟಿದಾಗ ಹಾಕಿದ್ದು, ಅಂಚಿಗೆ ಅತ್ತೆ ಕೈಯಾರೆ ಹಸಿರು ದಾರದ ಹೊಲಿಗೆ ಹಾಕಿದ್ದಾರೆ, ಕಟ್ಟುವ ಲಾಡಿ ಒಂದು ಬದಿಯಲ್ಲಿ ನೂಲೆದ್ದಿದೆ. ಉಳಿದ ಸಣ್ಣ ಬಟ್ಟೆಗಳನ್ನೆಲ್ಲ ಒಗೆದು ಮಡಚಿ ನಾದಿನಿಯ ಮಗುವಿಗೆ ಕೊಟ್ಟದ್ದಾಯಿತು. ಇದನ್ನು ಹೆಂಡತಿ ಎರಡು ಸಲ ಕೊಡುವ ಗಂಟಿಗೆ ಹಾಕಿ ಎರಡು ಸಲ ತೆಗೆದಳು. ಕೊನೆಗೆ, “ಇದೊಂದನ್ನು ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ,” ಎಂದಳು. ಬರೆದುಕೊಂಡೆ. ವ್ರತ ಇರುವುದೇ ಲೆಕ್ಕ ಇಡಲಿಕ್ಕೆ. ಇಷ್ಟು ನನ್ನದು ಎಂದು ಬಾಯಿಬಿಟ್ಟು ಹೇಳಿದ ಪರಿಗ್ರಹಕ್ಕೂ, ಕತ್ತಲೆಯಲ್ಲಿ ಮರೆತು ಬಿದ್ದಿರುವ ರಾಶಿಗೂ ಬಹಳ ಅಂತರವಿದೆ.

ಆ ಕತ್ತಲೆಯ ಕಾರಣಕ್ಕೇ ಹಾಸಿಗೆ ಎತ್ತಿ ಮುಚ್ಚಳ ತೆರೆಯುವ ಪೆಟ್ಟಿಗೆ ಮಂಚ ಬೇಡವೆಂದೆ. ಅದರಲ್ಲಿ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ಮಗುವಿನ ಬೆರಳು ಸಿಕ್ಕಿಕೊಳ್ಳುವ ಅಪಾಯ ಒಂದು ಕಡೆ. ಹಾಸಿಗೆ ಸರಿಸಿ ಯಾರೂ ಆಗಾಗ ತೆರೆಯದ ಕಾರಣ ಒಳಗೆ ಬೂಷ್ಟು, ಜಿರಳೆ, ಹಲ್ಲಿಮೊಟ್ಟೆ ಸೇರುವುದು ಇನ್ನೊಂದು ಕಡೆ. ಕರಾವಳಿಯ ಮಳೆಗಾಲ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುನಿಗಳು ಕಮಂಡಲು ಎತ್ತುವಾಗಲೂ ಇಡುವಾಗಲೂ ಪಿಂಛಿಯಿಂದ ಗುಡಿಸಿ ನೋಡುತ್ತಾರೆ, ಜೀವ ಸಿಕ್ಕಿ ಸಾಯಬಾರದು ಎಂದು. ಮುಟ್ಟದೆ ಬಿಟ್ಟ ಸಾಮಾನಿನಲ್ಲಿ ಜೀವಗಳು ಮನೆ ಮಾಡುತ್ತವೆ, ಒಂದು ದಿನ ನಾವು ಶುಚಿ ಮಾಡುವ ಹೆಸರಿನಲ್ಲಿ ಅವುಗಳನ್ನು ಕೊಲ್ಲುತ್ತೇವೆ. ಸಂಗ್ರಹದಿಂದ ಹಿಂಸೆ ಹುಟ್ಟುವ ದಾರಿ ಇದು, ಇದಕ್ಕೆ ದೊಡ್ಡ ತರ್ಕ ಬೇಕಿಲ್ಲ. ಆದ್ದರಿಂದ ಮಗುವೇ ಎಳೆಯಬಹುದಾದ ಎರಡು ಖಾನೆ ಇಟ್ಟೆವು, ಹಿಂದಿನ ಹಲಗೆಯಲ್ಲಿ ಗಾಳಿಗೆ ತೂತು ಕೊರೆದೆವು, ಹಾಸಿಗೆಯಡಿಯ ಅಡ್ಡಪಟ್ಟಿಗಳ ನಡುವೆ ಎರಡೆರಡು ಇಂಚು ಬಿಟ್ಟೆವು. ಚತುರ್ದಶಿಗೊಮ್ಮೆ ಖಾನೆಗಳನ್ನು ಪೂರ್ತಿ ಹೊರಗೆಳೆದು, ಮೆತ್ತನೆಯ ಪೊರಕೆಯಲ್ಲಿ ಗುಡಿಸಿ ಬಿಸಿಲಿಗಿಡುವುದು ರೂಢಿಯಾಗಿದೆ.

ಮುಗಿಸುವ ಕೆಲಸದಲ್ಲೂ ಆಚಾರಿಗಳು ನನ್ನ ಮಾತಿಗೆ ಬೆಲೆ ಕೊಟ್ಟರು. ಹಳೆಯ ಪದ್ಧತಿಯ ಪಾಲಿಶಿಗೆ ಅರಗು ಬೇಕು. ಅರಗು ಕೀಟಗಳಿಂದ ಬರುವುದು, ಅದರ ವ್ಯಾಪಾರ ಶ್ರಾವಕರಿಗೆ ನಿಷಿದ್ಧವಾದ ವೃತ್ತಿಗಳಲ್ಲಿ ಒಂದು. ಹಾಗಾಗಿ ಅಗಸೆ ಎಣ್ಣೆಯನ್ನೇ ಬಟ್ಟೆಯಲ್ಲಿ ತಿಕ್ಕಿದೆವು. ಖಾನೆ ಜಾರುವ ಪಟ್ಟಿಗೆ ಜೇನುಮೇಣದ ಬದಲು ಮೇಣದಬತ್ತಿ ಉಜ್ಜಿದೆವು. ಎಣ್ಣೆ ಹೀರಿಕೊಂಡ ಹಲಸಿನ ಮೇಲೆ ಅಂಗೈ ಆಡಿಸಿದ ಆಚಾರಿಗಳು, “ಇದು ನಿಮ್ಮ ಮಗಳ ಮಗಳಿಗೂ ಆದೀತು,” ಎಂದರು. ಆ ಕೆಲಸಕ್ಕೆ ನನ್ನ ಗೌರವ ತುಂಬ ದೊಡ್ಡದು. ಬಾಳುವ ಒಂದು ವಸ್ತುವನ್ನು ಸರಿಯಾಗಿ ಮಾಡಿಸಿಕೊಳ್ಳುವುದೂ ಪರಿಮಾಣದ ಒಂದು ರೀತಿ ಎಂದೇ ನಾನು ನಂಬಿದ್ದೇನೆ. ಮುರಿದು ಮುರಿದು ಹೊಸದು ತರುವ ಮನೆಯಲ್ಲಿ ಯಾವ ಅಳತೆಯೂ ನಿಲ್ಲುವುದಿಲ್ಲ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಮೊದಲು ಕೊಡುವುದು, ಆಮೇಲೆ ನನ್ನದೇನೂ ಇಲ್ಲ ಎಂಬ ಭಾವ. ತ್ಯಾಗದ ದಿನ ಖಾನೆಗಳನ್ನು ಖಾಲಿ ಮಾಡಿ, ಯಾವುದು ಹೋಗಬೇಕು ಎಂದು ಮೂವರೂ ಕೂತು ನೋಡಬೇಕೆಂದು ಮನೆಯಲ್ಲಿ ನಿಶ್ಚಯಿಸಿದ್ದೇವೆ. ಮಗಳ ಆನೆಯನ್ನು ಯಾರೂ ಕೇಳಬಾರದು ಎಂಬ ಷರತ್ತನ್ನು ಅವಳು ಈಗಲೇ ಹಾಕಿದ್ದಾಳೆ. ಒಪ್ಪಿದ್ದೇವೆ.

ಮಗುವಿಗೆ ಇಂಥ ಮಂಚ ಮಾಡಿಸುವ ಯೋಚನೆಯಲ್ಲಿರುವವರಿಗೆ ಒಂದು ವಿನಂತಿ. ಸಾಮಾನಿನ ರಾಶಿಯನ್ನು ಅಳೆದು ಖಾನೆಯ ಎತ್ತರ ಹೇಳಬೇಡಿ. ಮಗುವನ್ನು ಆಚಾರಿಗಳ ಮುಂದೆ ನಿಲ್ಲಿಸಿ, ಅದು ನಿದ್ದೆಗಣ್ಣಿನಲ್ಲಿ ತಾನಾಗಿ ಹತ್ತಿ ಇಳಿಯುವಷ್ಟು ಎತ್ತರ ಹಿಡಿಸಿ. ಅದರಲ್ಲಿ ಹಾಸಿಗೆ, ಪಟ್ಟಿ, ಚೌಕಟ್ಟು ಕಳೆದು ಉಳಿದಷ್ಟನ್ನು ಮಾತ್ರ ಖಾನೆಗೆ ಕೊಡಿ.