ಬಿಚ್ಚಬೇಕೆ, ಬಿಡಬೇಕೆ?



ಬೇಸಿಗೆ ರಜೆಯಲ್ಲಿ ನಮ್ಮ ಧರ್ಮಕೇಂದ್ರದ ಹುಡುಗಿಯೊಬ್ಬಳು ಅಜ್ಜಿಯ ಪಕ್ಕ ಕುಳಿತು ಕ್ರೋಶಾ ಕಲಿಯತೊಡಗಿದಳು. ಬಲಿಪೀಠದ ಬಟ್ಟೆಗೆ ಲೇಸಿನ ಅಂಚು ಹೆಣೆದು, ಮೇ 1ರ ಕಾರ್ಮಿಕ ಸಂತ ಜೋಸೆಫರ ಹಬ್ಬದೊಳಗೆ ಕೊಡಬೇಕೆಂಬುದು ಅವಳ ಆಸೆ. ತಾಯಿಗೆ ಇದು ಹಿಡಿಸಲಿಲ್ಲ. "ಫಾದರ್, ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಲೇಸು ಸಿಗುತ್ತದೆ. ಮುಂದಿನ ವರ್ಷ ಹತ್ತನೇ ಕ್ಲಾಸು. ನೀವಾದರೂ ಬುದ್ಧಿ ಹೇಳಿ" ಎಂದರು.

ತಾಯಿಗೆ ಉತ್ತರ ಹೇಳುವುದು ಕಷ್ಟವಾಗಲಿಲ್ಲ. ದೇಹದಂತೆ ಮನಸ್ಸಿಗೂ ವಿಶ್ರಾಂತಿ ಬೇಕು, ಮಿತಿಯರಿತ ವಿನೋದವೂ ಒಂದು ಸದ್ಗುಣವೇ ಎಂದು ಸಂತ ತೋಮಸ್ ಅಕ್ವಿನಾಸರು ಬರೆದಿದ್ದಾರೆ. ಸದಾ ಬಿಗಿದೇ ಇಟ್ಟ ಬಿಲ್ಲು ಮುರಿಯುತ್ತದೆಂಬ ಸಂತ ಯೊವಾನ್ನರ ಕತೆಯನ್ನು ಅವರು ಅಲ್ಲಿ ನೆನೆಯುತ್ತಾರೆ. ತಾಯಿ ಅರೆಮನಸ್ಸಿನಿಂದ ಒಪ್ಪಿದರು.

ಕಷ್ಟವಾದದ್ದು ಮಗಳ ಪ್ರಶ್ನೆ. ಏಪ್ರಿಲ್ ಕೊನೆಯಲ್ಲಿ ಅವಳು ಲೇಸು ಹಿಡಿದು ಬಂದಳು. ಮೂರನೆಯ ಸಾಲಿನಲ್ಲಿ ಒಂದು ಕುಣಿಕೆ ತಪ್ಪಿತ್ತು. ಅದು ತಿಳಿಯುವಷ್ಟರಲ್ಲಿ ಮೇಲೆ ಹನ್ನೊಂದು ಸಾಲು ಬೆಳೆದಿತ್ತು. ಕ್ರೋಶಾದಲ್ಲಿ ನಡುವಿನ ತಪ್ಪನ್ನು ಮಾತ್ರ ತಿದ್ದಲು ಬರುವುದಿಲ್ಲ. ನೂಲು ಎಳೆದು ಅಲ್ಲಿಯವರೆಗೂ ಬಿಚ್ಚಬೇಕು. "ಬಿಚ್ಚಲೇ ಫಾದರ್? ಬಿಚ್ಚಿದರೆ ಹಬ್ಬಕ್ಕೆ ಆಗುವುದಿಲ್ಲ."

"ಬಿಡಮ್ಮ, ದೂರದಿಂದ ಯಾರಿಗೂ ಕಾಣಿಸುವುದಿಲ್ಲ" ಎಂದೆ.

"ನನಗೆ ಕಾಣಿಸುತ್ತದಲ್ಲ ಫಾದರ್?"

ಅಂದಿನಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ. ಅವಳನ್ನು ತಡೆಯಲು ನನಗೆ ಕಾರಣವಿತ್ತು. ಪಾಪವಲ್ಲದ್ದನ್ನು ಪಾಪವೆಂದು ಎಣಿಸಿ ಎಣಿಸಿ ನೆಮ್ಮದಿ ಕಳೆದುಕೊಂಡವರನ್ನು ಪಾಪನಿವೇದನೆಯಲ್ಲಿ ಕಂಡಿದ್ದೇನೆ. ಕುಶಲಕರ್ಮಿಯನ್ನು ಕುಶಲಕರ್ಮಿಯಾಗಿ ಹೊಗಳುವುದು ಅವನು ಮಾಡಿದ ವಸ್ತು ಚೆನ್ನಾಗಿರುವುದಕ್ಕೆ, ಅವನ ಸಂಕಲ್ಪ ಒಳ್ಳೆಯದಾಗಿರುವುದಕ್ಕಲ್ಲ ಎಂದೂ ಅಕ್ವಿನಾಸರೇ ಹೇಳುತ್ತಾರೆ. ಹಾಗಾದರೆ ತಪ್ಪಿದ ಕುಣಿಕೆ ಲೇಸಿನ ದೋಷವೇ ಹೊರತು ಹುಡುಗಿಯ ದೋಷವಲ್ಲ. ಇಷ್ಟನ್ನೇ ಹೇಳಿದ್ದರೆ ನನ್ನ ಮಾತು ಸರಿಯಾಗಿರುತ್ತಿತ್ತು. ಆದರೆ ನಾನು ಕೊಟ್ಟ ಕಾರಣ ಬೇರೆ: ಯಾರಿಗೂ ಕಾಣಿಸುವುದಿಲ್ಲ. ಗೋಡೆಯೊಳಗೆ ಸಿಮೆಂಟು ಕಡಿಮೆ ಹಾಕುವವನೂ, ಲೆಕ್ಕದ ಪುಸ್ತಕದಲ್ಲಿ ಅಂಕಿ ತಿದ್ದುವವನೂ ಹೇಳುವುದು ಇದನ್ನೇ ಅಲ್ಲವೇ? ಪ್ರಸಂಗಪೀಠದಿಂದ ಖಂಡಿಸುವುದನ್ನೇ ನಾನು ಜಗಲಿಯಲ್ಲಿ ನಿಂತು ಮಗುವಿಗೆ ಕಲಿಸಿದ್ದೆ.

ಐದನೆಯ ಶತಮಾನದಲ್ಲಿ ಜಾನ್ ಕ್ಯಾಸಿಯನ್ ಬರೆದಿಟ್ಟ ಒಂದು ಸಂಗತಿಯಿದೆ. ಪಾಲ್ ಎಂಬ ಮರುಭೂಮಿಯ ಸನ್ಯಾಸಿ ದಿನವೂ ಖರ್ಜೂರದ ಗರಿಗಳ ಕೆಲಸ ಮಾಡುತ್ತಿದ್ದರು. ವರ್ಷದ ಕೆಲಸವೆಲ್ಲ ಸೇರಿ ಗುಹೆ ತುಂಬಿದಾಗ ಅಷ್ಟನ್ನೂ ಸುಟ್ಟುಬಿಡುತ್ತಿದ್ದರು. ಬಡವರಿಗೆ ಕೊಡಬಾರದಿತ್ತೇ ಎಂದು ನಮ್ಮವರು ಕೇಳಿಯಾರು. ಪಟ್ಟಣ ಏಳು ದಿನದ ದಾರಿ, ಸಾಗಿಸುವ ಖರ್ಚೇ ಬೆಲೆಗಿಂತ ಹೆಚ್ಚು. ಸೆಮಿನರಿಯಲ್ಲಿ ಇದನ್ನೋದಿ ನಾವು ನಕ್ಕಿದ್ದೆವು. ನೋಡುವವರಿಲ್ಲ, ಕೊಳ್ಳುವವರಿಲ್ಲ, ಕೊನೆಗೆ ವಸ್ತುವೂ ಇಲ್ಲ. ಉಳಿಯುತ್ತಿದ್ದದ್ದು ಗರಿ ಹಿಡಿದು ಕುಳಿತ ಆ ಮನುಷ್ಯ ಮಾತ್ರ. ಅವರಿಗಾಗಿಯೇ ಆ ಕೆಲಸವೆಂಬುದು ಆಗ ನಮಗೆ ಹೊಳೆದಿರಲಿಲ್ಲ.

ಹುಡುಗಿ ನನ್ನ ಮಾತು ಕೇಳಲಿಲ್ಲ. ಅವಳು ಬಿಚ್ಚುತ್ತಾ ಹೋದಳಂತೆ, ಅಜ್ಜಿ ನೂಲನ್ನು ಉಂಡೆ ಸುತ್ತುತ್ತಾ ಕುಳಿತರಂತೆ. ಹಬ್ಬದ ದಿನ ಪೀಠಕ್ಕೆ ಹಳೆಯ ಬಟ್ಟೆಯನ್ನೇ ಹಾಸಿದೆವು. ಬಲಿಪೂಜೆ ಮುಗಿದ ಮೇಲೆ ಅವಳನ್ನು ಕರೆದು, ಅಂದು ನಾನು ಹೇಳಿದ್ದು ತಪ್ಪೆಂದು ಒಪ್ಪಿಕೊಂಡೆ. ಅವಳಿಗೆ ನಾಚಿಕೆಯಾಯಿತು. "ಪರವಾಗಿಲ್ಲ ಫಾದರ್" ಎಂದು ಓಡಿಹೋದಳು.

ಈಗ ಶಾಲೆ ತೆರೆದಿದೆ, ಲೇಸು ಅರ್ಧಕ್ಕೆ ನಿಂತಿದೆ. ಮಿಕ್ಕದ್ದು ದಸರಾ ರಜೆಗಂತೆ. ಮೊನ್ನೆ ಇದನ್ನು ನನಗೆ ತಿಳಿಸಿದವರು ಅವಳ ತಾಯಿ.